ಮೊಟ್ಟೆಗೊಂದು ಕುಲಾವಿ

ಬೇಯಿಸಿದ ಮೊಟ್ಟೆಗೆ ಚಳಿಯಾಗುತ್ತದೆ. ಬ್ರಿಟನ್ನಿನವರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಬೆಳಗಿನ ತಿಂಡಿಗೆ ಅರೆಬೆಂದ ಮೊಟ್ಟೆಯನ್ನು ಪುಟ್ಟ ಬಟ್ಟಲಲ್ಲಿ ನಿಲ್ಲಿಸಿ, ಅದರ ನೆತ್ತಿಗೆ ಉಲ್ಲನ್ನಿನ ಟೊಪ್ಪಿಗೆ ತೊಡಿಸುವ ಪದ್ಧತಿ ಅಲ್ಲಿದೆ. ಈಸ್ಟರ್ ಬಂದರೆ ಆ ಟೊಪ್ಪಿಗೆ ಹಳದಿ ಕೋಳಿಮರಿಯಾಗುತ್ತದೆ, ಡಿಸೆಂಬರಿನಲ್ಲಿ ಬಿಳಿ ಗಡ್ಡದ ಸಾಂಟಾ ಆಗುತ್ತದೆ. ಹುಟ್ಟದೇ ಹೋದ ಮರಿಯ ವೇಷವನ್ನೇ ಮೊಟ್ಟೆಗೆ ಹಾಕಿ, ಆಮೇಲೆ ಚಮಚದಿಂದ ಅದರ ತಲೆ ಒಡೆಯುವುದು ಎಂಥ ಸಂಸ್ಕಾರವೋ! ಮೊಟ್ಟೆ ಬೇಯಲು ನಾಲ್ಕು ನಿಮಿಷ, ತಿನ್ನಲು ಮೂರು ನಿಮಿಷ, ಟೊಪ್ಪಿಗೆ ಹೆಣೆಯಲು ಒಂದಿಡೀ ಸಂಜೆ. ಪ್ಯಾಟರ್ನ್ ಮಾತ್ರ ಪ್ರತಿ ವಸಂತಕ್ಕೂ ಹೊಸದು.

ಋತುವಿಗೊಂದು ಕಂತಿನಂತೆ ಬರುವ ಹೆಣಿಗೆ ಪ್ಯಾಟರ್ನುಗಳನ್ನು ಓದುವುದು ನನ್ನ ಚಟ. ಓದುವುದೆಂದರೆ ಓದುವುದೇ. ಎಲ್ಲವನ್ನೂ ಹೆಣೆಯಲು ಹೊರಟರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಸ್ವೆಟರ್, ಶಾಲು, ಕೈಗವಸು, ಟೀ ಪಾತ್ರೆಯ ಹೊದಿಕೆ, ದಿಂಬಿನ ಚೀಲ ಎಂದು ಹಾಳೆ ತಿರುವುತ್ತ ಹೋದಂತೆ ಒಂದೇ ಪ್ರಶ್ನೆ ಕಾಡುತ್ತದೆ: ಇಷ್ಟಕ್ಕೂ ಚಳಿ ಯಾರಿಗೆ? ಸ್ವೆಟರ್ ತೊಡುವವರಿಗಂತೂ ಇದ್ದಂತಿಲ್ಲ. ಅವರನ್ನು ಕೇಳಿ ಮಾಡಿದ ಪ್ಯಾಟರ್ನ್ ಇದು ಎಂಬ ಒಂದು ಗುರುತೂ ಆ ಹಾಳೆಗಳಲ್ಲಿ ಸಿಗುವುದಿಲ್ಲ. ಕ್ಯಾಮೆರಾಕ್ಕೆ ಚಳಿ, ಉಲ್ಲನ್ ಅಂಗಡಿಯ ಗಲ್ಲಾಪೆಟ್ಟಿಗೆಗೆ ಚಳಿ. ಅವೆರಡನ್ನೂ ಬೆಚ್ಚಗಿಡುವುದಕ್ಕೆ ನಾವು ಕಡ್ಡಿ ಹಿಡಿದು ಕೂತಿದ್ದೇವೆ.

ಮೊದಲು ಋತುವಿನ ವಿಚಾರವನ್ನೇ ತೆಗೆದುಕೊಳ್ಳಿ. ಇಲ್ಲಿ ಆಶ್ಲೇಷಾ ಮಳೆ ಹೊಯ್ಯುತ್ತಿರುವಾಗ, ಅಂದರೆ ಆಗಸ್ಟಿನಲ್ಲಿ, ಇಂಗ್ಲೆಂಡು ಅಮೆರಿಕಗಳ ಜನ ಬೆವರು ಒರೆಸಿಕೊಳ್ಳುತ್ತ ಐಸ್‌ಕ್ರೀಮ್ ತಿನ್ನುತ್ತಿರುವಾಗ, ಶರತ್ಕಾಲದ ಪ್ಯಾಟರ್ನುಗಳು ಹೊರಬೀಳುತ್ತವೆ. ಚಳಿಗಾಲದವು ಬರುವ ಹೊತ್ತಿಗೆ ಇನ್ನೂ ಎಲೆ ಉದುರಿರುವುದಿಲ್ಲ. ಹೊರಗೆ ಹಿಮ ಸುರಿಯುತ್ತಿದ್ದರೆ ಪುಟದಲ್ಲಿ ವಸಂತದ ತೆಳು ಲೇಸಿನ ಟಾಪು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಾವು ಆತುರಗಾರರನ್ನು ಆಡಿಕೊಳ್ಳುತ್ತೇವೆ. ಈ ವ್ಯಾಪಾರದ ಬುಡವೇ ಆ ಕುಲಾವಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೆಣಿಗೆಯವರ ಪಾಡಂತೂ ಕೇಳಬೇಡಿ. ಜೂನ್ ತಿಂಗಳಲ್ಲಿ ಅವರು ಹಲ್ಲು ಕಟಕಟಿಸುತ್ತಿರುವಾಗ ಅವರ ಕೈಗೆ ಬರುವುದು ಸಮುದ್ರತೀರದಲ್ಲಿ ತೊಡುವ ಜಾಳಿಗೆ ಅಂಗಿ. ಕುರಿ ಅವರದು, ಮೆರಿನೊ ಉಣ್ಣೆ ಅವರದು, ಋತು ಮಾತ್ರ ಲಂಡನ್ನಿನದು.

ಮುಂಚಿತವಾಗಿ ಬರುವುದು ಒಳ್ಳೆಯದಲ್ಲವೆ, ಹೆಣೆಯಲು ಸಮಯ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ಸಾಧಾರಣ ಗಾತ್ರದ ಒಂದು ಸ್ವೆಟರಿಗೆ ಎದೆಸುತ್ತಿಗೆ 220 ಕುಣಿಕೆ ಎಂದಿಟ್ಟುಕೊಳ್ಳಿ. ಸೊಂಟದಿಂದ ಕಂಕುಳವರೆಗೆ 40 ಸೆಂಟಿಮೀಟರ್, ಹತ್ತು ಸೆಂಟಿಮೀಟರಿಗೆ 30 ಸಾಲಿನಂತೆ 120 ಸಾಲು. ಅಲ್ಲಿಗೆ 26,400 ಕುಣಿಕೆ ಆಯಿತು. ನಿಮಿಷಕ್ಕೆ 25 ಕುಣಿಕೆ ಹಾಕುವ ಚುರುಕು ಕೈಯಾದರೂ ಹದಿನೇಳೂವರೆ ಗಂಟೆ ಮೀರುತ್ತದೆ. ಇದು ಬರೀ ಹೊಟ್ಟೆಯ ಭಾಗ. ಭುಜ ಬಾಕಿ, ಕತ್ತು ಬಾಕಿ, ಎರಡು ತೋಳು ಬಾಕಿ. ಎಣಿಕೆ ತಪ್ಪಿ ಉಚ್ಚಿ ಮತ್ತೆ ಹಾಕುವ ಸಮಯ, ಹಾಲು ಉಕ್ಕಿತೆಂದು ಎದ್ದು ಹೋದ ಸಮಯ, ತೊಡೆಯ ಮೇಲೆ ಬೆಕ್ಕು ಬಂದು ಕೂತ ಸಮಯ, ಇದಾವುದೂ ಲೆಕ್ಕದಲ್ಲಿ ಇಲ್ಲ. ದಿನಕ್ಕೆ ಅರ್ಧ ಗಂಟೆ ಬಿಡುವು ಸಿಗುವ ಹೆಣ್ಣುಮಗಳಿಗೆ ಚಳಿಗಾಲದ ಸ್ವೆಟರು ಮುಗಿಯುವುದು ಶಿವರಾತ್ರಿಯ ಮರುದಿನ. ಆಗ ಚಳಿ ಶಿವಶಿವಾ ಎನ್ನುತ್ತ ಊರು ಬಿಟ್ಟಿರುತ್ತದೆ. ಪ್ಯಾಟರ್ನಿನ ಮೇಲೆ ಕಷ್ಟದ ಮಟ್ಟ ಬರೆದಿರುತ್ತಾರೆ, ಕಡ್ಡಿಯ ಅಳತೆ ಬರೆದಿರುತ್ತಾರೆ, ನೂಲಿನ ಬಣ್ಣಕ್ಕೆ ಕಾವ್ಯದಂಥ ಹೆಸರು ಬರೆದಿರುತ್ತಾರೆ. ಎಷ್ಟು ಗಂಟೆ ಹಿಡಿಯುತ್ತದೆ ಎಂದು ಬರೆದಿದ್ದನ್ನು ನೋಡಿದ್ದೀರಾ? ಬರೆದರೆ ಯಾರು ಕೊಳ್ಳುತ್ತಾರೆ!

ಈ ವಿಷಯದಲ್ಲಿ ಪ್ರಾಮಾಣಿಕಳಾಗಿದ್ದವಳು ಎಲಿಜಬೆತ್ ಜಿಮ್ಮರ್‌ಮನ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬದುಕಿದ ಈಕೆ 1974ರಲ್ಲಿ ತಿಂಗಳಿಗೊಂದು ಹೆಣಿಗೆಯ ಪಂಚಾಂಗವನ್ನೇ ಬರೆದಳು. ಅದರಲ್ಲಿ ಮೇ ತಿಂಗಳಿಗೆ ಕೊಟ್ಟ ಕೆಲಸವೇನು ಗೊತ್ತೆ? ಮುಂದಿನ ಚಳಿಗಾಲದ ಕೈಗವಸು. ಜುಲೈಗೆ ಶಾಲು. ಸೆಕೆಯಲ್ಲಿ ಕೂತು ಚಳಿಗೆ ತಯಾರಿ ಮಾಡಿ, ನೀವೇನು ಯಂತ್ರವಲ್ಲ ಎಂದು ಒಪ್ಪಿಕೊಂಡ ಪುಸ್ತಕ ಅದು. ಎದೆಸುತ್ತಿನ ಕುಣಿಕೆಗಳನ್ನು ನೂರು ಎಂದು ಹಿಡಿದು ತೋಳಿಗೆ ಇಷ್ಟು, ಕತ್ತಿಗೆ ಇಷ್ಟು ಎಂದು ಶೇಕಡಾ ಲೆಕ್ಕದಲ್ಲಿ ಸ್ವೆಟರ್ ಹೆಣೆಯುವ ಉಪಾಯವನ್ನೂ ಈಕೆಯೇ ಬಳಕೆಗೆ ತಂದಳು. ಆ ಲೆಕ್ಕ ಬಂದವರಿಗೆ ಪ್ಯಾಟರ್ನ್ ಕೊಳ್ಳುವ ಅಗತ್ಯವೇ ಕಡಿಮೆ. ವ್ಯಾಪಾರಕ್ಕೆ ಇಂಥವರು ಒಬ್ಬರೇ ಸಾಕು, ಇಬ್ಬರಾದರೆ ಅಂಗಡಿ ಮುಚ್ಚಬೇಕು.

ಇನ್ನು ಉಡುಪುಗಳಿಗೆ ಬರೋಣ. ಚಳಿಗಾಲದ ಸಂಚಿಕೆಗಳಲ್ಲಿ ತಪ್ಪದೆ ಕಾಣಿಸುವ ಒಂದು ಪ್ರಾಣಿ ಇದೆ: ತೋಳಿಲ್ಲದ ಟರ್ಟಲ್‌ನೆಕ್ ಸ್ವೆಟರ್. ಗಂಟಲಿಗೆ ಎರಡು ಸುತ್ತು ದಪ್ಪ ಉಲ್ಲನ್, ತೋಳಿಗೆ ಏನೂ ಇಲ್ಲ. ಕತ್ತು ಕಾಶ್ಮೀರದಲ್ಲಿದ್ದರೆ ಕೈಗಳು ಕಲಬುರ್ಗಿಯಲ್ಲಿವೆ. ಇದನ್ನು ಯಾವ ಉಷ್ಣಾಂಶದಲ್ಲಿ ತೊಡಬೇಕು ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಅದರ ತಂಗಿ ಶ್ರಗ್. ಎರಡು ತೋಳು, ಅವನ್ನು ಸೇರಿಸುವ ಒಂದು ಅಂಗೈ ಅಗಲದ ಬೆನ್ನು. ಎದೆ ಬಯಲು, ಹೊಟ್ಟೆ ಬಯಲು, ಸೊಂಟ ಬಯಲು. ನೆಗಡಿ ಭುಜಕ್ಕೆ ಮಾತ್ರ ಬರುತ್ತದೆಂದು ನಂಬಿದವರ ಉಡುಪು ಇದು. ಅಣ್ಣ ಪಾಂಚೋ, ನಡುವೆ ತಲೆ ತೂರಿಸುವ ತೂತಿರುವ ಹೊದಿಕೆ. ಒಳಗೆ ಕೈ ಸಿಕ್ಕಿಹಾಕಿಕೊಳ್ಳುವುದರಿಂದ ಅದನ್ನು ತೊಟ್ಟು ಬಸ್ಸಿನ ಕಂಬ ಹಿಡಿಯುವಂತಿಲ್ಲ, ಕಾಫಿ ಲೋಟ ಎತ್ತುವಂತಿಲ್ಲ. ಫೋಟೊದ ರೂಪದರ್ಶಿ ಒಂದು ಕಲ್ಲುಬಂಡೆಯ ಮೇಲೆ ಸುಮ್ಮನೆ ನಿಂತಿರುತ್ತಾಳಲ್ಲ, ಏಕೆಂದುಕೊಂಡಿರಿ? ಬೇರೇನೂ ಮಾಡಲಾಗುವುದಿಲ್ಲ.

ಬೇಸಿಗೆಯದು ಇನ್ನೊಂದು ಕಥೆ. ಸೆಕೆಗಾಲದಲ್ಲಿ ಯಾರೂ ಉಲ್ಲನ್ ಕೊಳ್ಳುವುದಿಲ್ಲ. ಹಾಗೆಂದು ಅಂಗಡಿಗೆ ಬೀಗ ಹಾಕಲಾದೀತೆ? ಆದ್ದರಿಂದ ಬೇಸಿಗೆಗೂ ಹೆಣೆದ ಉಡುಪು ಬೇಕು ಎಂದು ಜನರನ್ನು ನಂಬಿಸಬೇಕು. 1930ರ ದಶಕದಲ್ಲಿ ಬ್ರಿಟನ್ನಿನ ಹೆಂಗಸರಿಗೆ ಮನೆಯಲ್ಲೇ ಹೆಣೆಯುವ ಉಣ್ಣೆಯ ಈಜುಡುಗೆಯ ಪ್ಯಾಟರ್ನುಗಳು ಬರುತ್ತಿದ್ದವು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒದ್ದೆ ಅನ್ನಿಸದಂತೆಯೇ ಒಳಗಿಟ್ಟುಕೊಳ್ಳಬಲ್ಲುದು. ಅದು ಉಣ್ಣೆಯ ಹೆಗ್ಗಳಿಕೆ. ಆದರೆ ಸಮುದ್ರ ಮೂರನೆಯ ಒಂದು ಭಾಗಕ್ಕೆ ನಿಲ್ಲುತ್ತದೆಯೆ? ನೀರಿಗಿಳಿಯುವಾಗ ತೊಡೆಯ ಮೇಲಿದ್ದ ಉಡುಗೆ ಮೇಲೆ ಬರುವಾಗ ಮೊಣಕಾಲಿಗೆ ಇಳಿದಿರುತ್ತಿತ್ತು. ಫೋಟೊಗಳಲ್ಲಿ ಮಾತ್ರ ಎಲ್ಲ ಹೆಂಗಸರೂ ಒಣ ಮರಳಿನ ಮೇಲೆಯೇ ನಗುತ್ತ ನಿಂತಿದ್ದಾರೆ. ಈಗಿನ ಬೇಸಿಗೆ ಪ್ಯಾಟರ್ನುಗಳು ಅಷ್ಟು ಅಪಾಯಕಾರಿ ಅಲ್ಲ, ಅಷ್ಟೇ ನಿರರ್ಥಕ. ಹತ್ತಿ ನೂಲಿನಲ್ಲಿ ಬೆರಳು ತೂರುವಷ್ಟು ದೊಡ್ಡ ತೂತುಗಳ ಟಾಪು, ಮರ್ಯಾದೆಗೆ ಅದರೊಳಗೆ ಇನ್ನೊಂದು ಬನಿಯನ್ನು. ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಮತ್ತೆ ಕುಗ್ಗುವ ಗುಣವಿಲ್ಲ. ಹಿಗ್ಗಿದ್ದು ಹಿಗ್ಗಿಯೇ ಇರುತ್ತದೆ. ಮಧ್ಯಾಹ್ನಕ್ಕೆ ಟಾಪಾಗಿ ಹೊರಟದ್ದು ಸಂಜೆಗೆ ನೈಟಿಯಾಗಿ ಮನೆ ಸೇರುತ್ತದೆ.

ಫೋಟೊ ಎಂದೆನಲ್ಲ, ಈ ಉದ್ಯಮದ ಇಡೀ ಗುಟ್ಟು ಅಲ್ಲಿದೆ. ರೂಪದರ್ಶಿಯನ್ನು ನೋಡಿ. ಒಂದು ಕೈ ಯಾವಾಗಲೂ ಸೊಂಟದ ಮೇಲೆ, ಇನ್ನೊಂದು ಕೈ ಕೂದಲಲ್ಲಿ. ಸೊಂಟದ ಕೈ ಸಡಿಲವಾದ ಪಕ್ಕೆಯನ್ನು ಹಿಡಿದಿದೆ, ಕೂದಲಿನ ಕೈ ಏರಿಬಂದ ಭುಜವನ್ನು ಸರಿಪಡಿಸಿದೆ. ಶಾಲನ್ನು ತೋರಿಸುವುದು ಗಾಳಿಯಲ್ಲಿ ಹಾರುವಾಗ, ಕಾರ್ಡಿಗನ್ನನ್ನು ತೋರಿಸುವುದು ಗುಂಡಿ ಹಾಕದೆ. ಗುಂಡಿ ಹಾಕಿದರೆ ಮುಂಭಾಗ ಬಾಯಿ ಬಿಡುತ್ತದೆ ಎಂಬುದು ಹೆಣೆದು ಮುಗಿಸಿದ ಮೇಲೆ ನಮಗೆ ತಿಳಿಯುವ ಸತ್ಯ. ಬೆನ್ನಿನ ಫೋಟೊ ಇರುವುದೇ ಅಪರೂಪ. ಬೆನ್ನಲ್ಲಿ ಕ್ಲಿಪ್ ಹಾಕಿ ಬಟ್ಟೆಯನ್ನು ಬಿಗಿಮಾಡುವುದು ಉಡುಪಿನ ಛಾಯಾಚಿತ್ರಣದಲ್ಲಿ ಹಳೆಯ ಕಸುಬು. ಮುಂದೆ ಅಪ್ಸರೆ, ಹಿಂದೆ ಬಟ್ಟೆ ಒಣಹಾಕುವ ತಂತಿ.

ಅಳತೆಯ ವಿಷಯ ಇನ್ನೂ ಸೊಗಸು. ಪ್ಯಾಟರ್ನಿನ ಮೊದಲ ಸಾಲಿನಲ್ಲಿ 88 (96, 104, 112) ಎಂದಿರುತ್ತದೆ. ಮೊದಲನೆಯದು ತೆಳ್ಳಗಿರುವ ಪುಣ್ಯವಂತರದು. ಉಳಿದವರೆಲ್ಲ ಕಂಸದೊಳಗಿನ ಜನ. ಪುಟದ ಉದ್ದಕ್ಕೂ ಎಲ್ಲ ಅಂಕಿಗಳೂ ಹೀಗೆ ನಾಲ್ಕು ನಾಲ್ಕಾಗಿ ಬರುವುದರಿಂದ ನಿಮ್ಮದು ಮೂರನೆಯದೆಂದು ಪೆನ್ಸಿಲಿನಲ್ಲಿ ಗುಂಡು ಸುತ್ತುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಕಣ್ಣು ಎರಡನೆಯದಕ್ಕೆ ಜಾರಿತೋ, ಎಡತೋಳು ನಿಮ್ಮದು, ಬಲತೋಳು ನಿಮ್ಮ ನಾದಿನಿಯದು.

ಅದನ್ನೂ ದಾಟಿದಿರಿ ಎನ್ನೋಣ. ಮುಂದೆ ಗೇಜ್ ಎಂಬ ಯಮ ಕೂತಿದ್ದಾನೆ. ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಬರಬೇಕು ಎಂದು ಪ್ಯಾಟರ್ನ್ ಹೇಳುತ್ತದೆ. ನಿಮ್ಮ ಕೈ ಕೊಂಚ ಸಡಿಲ, 20 ಬರುತ್ತದೆ. ಎರಡೇ ಕುಣಿಕೆ ತಾನೆ ಎಂದು ಬಿಟ್ಟಿರೋ, 220 ಕುಣಿಕೆಯ ಆ ಸ್ವೆಟರು ನೂರು ಸೆಂಟಿಮೀಟರ್ ಆಗುವ ಬದಲು ನೂರ ಹತ್ತು ಆಗುತ್ತದೆ. ಮೊದಲು ಒಂದು ಚೌಕ ತುಣುಕು ಹೆಣೆದು, ಒಗೆದು, ಒಣಗಿಸಿ ಅಳೆಯಬೇಕು ಎಂಬ ಸಲಹೆ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಒಗೆಯಲೇಬೇಕು ಏಕೆಂದರೆ ಈಗ ಮೆರೆಯುತ್ತಿರುವ ಕೈಬಣ್ಣದ ನೂಲುಗಳಲ್ಲಿ ಬಹುಪಾಲು ಸೂಪರ್‌ವಾಶ್ ಮೆರಿನೊ. ಯಂತ್ರದಲ್ಲಿ ಒಗೆದರೂ ಮುದ್ದೆಯಾಗದಿರಲೆಂದು ಅದರ ಎಳೆಯ ಮೇಲಿನ ಸಣ್ಣ ಪೊರೆಗಳನ್ನು ರಾಸಾಯನಿಕದಿಂದ ನಯ ಮಾಡಿರುತ್ತಾರೆ. ಎಳೆ ಎಳೆಯನ್ನು ಹಿಡಿದುಕೊಳ್ಳುವುದು ಬಿಟ್ಟಿತು, ನೀರು ಬಿದ್ದೊಡನೆ ಬಟ್ಟೆ ಜೋತು ಉದ್ದವಾಯಿತು. ಇಂಥ ಒಂದು ನೂರು ಗ್ರಾಮಿನ ಲಡಿಗೆ ಅಮೆರಿಕದಲ್ಲಿ ಮೂವತ್ತು ಡಾಲರಿನ ಆಸುಪಾಸು. ಒಂದು ಸ್ವೆಟರಿಗೆ ನಾಲ್ಕೈದು ಲಡಿ. ಮೇಲೆ ಪ್ಯಾಟರ್ನಿನ ದುಡ್ಡು ಬೇರೆ. ಅಂಗಡಿಯಲ್ಲಿ ಸಿಗುವ ಸ್ವೆಟರಿಗಿಂತ ಕೈಯಲ್ಲಿ ಹೆಣೆದದ್ದು ಅಗ್ಗ ಎಂದು ನಮ್ಮ ಅತ್ತೆಯವರ ಕಾಲದಲ್ಲಿ ಹೇಳುತ್ತಿದ್ದರು. ಆಗ ಉಲ್ಲನ್ನು ಔನ್ಸ್ ಲೆಕ್ಕದಲ್ಲಿ ತರುತ್ತಿದ್ದರು, ಮಗನ ಹಳೆಯ ಸ್ವೆಟರ್ ಉಚ್ಚಿ ಮಗಳಿಗೆ ಹಾಕುತ್ತಿದ್ದರು. ಉಚ್ಚಿ ಹಾಕಿದ ಉಲ್ಲನ್ನಿಗೆ ಯಾವ ಪತ್ರಿಕೆಯೂ ವಿಶೇಷ ಸಂಚಿಕೆ ತರುವುದಿಲ್ಲ.

ಪ್ಯಾಟರ್ನಿನ ಭಾಷೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಎಡ ಮುಂಭಾಗಕ್ಕೆ ಒಂದೂವರೆ ಪುಟ ವಿವರಿಸಿದ ಮಹಾನುಭಾವರು ಬಲ ಮುಂಭಾಗಕ್ಕೆ ಬರುತ್ತಲೇ ‘ಎಡದಂತೆಯೇ, ಆಕಾರವನ್ನು ತಿರುವುಮುರುವು ಮಾಡಿ’ ಎಂದು ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ಇನ್ನೊಂದು ಕ್ರೂರ ಸಾಲಿದೆ: ‘ಇದೇ ವೇಳೆಯಲ್ಲಿ’. ಕತ್ತಿನ ಕಡೆ ಹದಿನೆಂಟು ಸಾಲು ಕುಣಿಕೆ ಇಳಿಸುತ್ತ ಹೋಗಿ ಎಂದು ಹೇಳಿ, ನೀವು ಹದಿನೆಂಟನ್ನೂ ಮುಗಿಸಿ ಉಸ್ಸೆಂದು ಮುಂದಿನ ಪ್ಯಾರಾಕ್ಕೆ ಬಂದಾಗ, ‘ಇದೇ ವೇಳೆಯಲ್ಲಿ ಕಂಕುಳ ಕಡೆಯೂ ಇಳಿಸಿ’ ಎಂದಿರುತ್ತದೆ. ಯಾವ ವೇಳೆ? ಆ ವೇಳೆ ಆಗಲೇ ದಾಟಿಹೋಯಿತಲ್ಲ! ಉಚ್ಚಿ. ತಪ್ಪು ಪ್ಯಾಟರ್ನಿನದೇ ಆಗಿದ್ದರೆ ತಿಂಗಳು ಕಳೆದ ಮೇಲೆ ಒಂದು ತಿದ್ದುಪಡಿ ಹೊರಡುತ್ತದೆ. ಆ ಹೊತ್ತಿಗೆ ನಿಮ್ಮ ಸ್ವೆಟರಿನ ಒಂದು ತೋಳು ಮೊಣಕಾಲು ಮುಟ್ಟಿರುತ್ತದೆ.

ಇದಕ್ಕೆ ಸರಿಯಾಗಿ ಪ್ಯಾಟರ್ನಿನ ತಲೆಯ ಮೇಲೊಂದು ಪೀಠಿಕೆ. ಮುಂಜಾನೆಯ ಮಂಜು, ಸಮುದ್ರದ ಉಪ್ಪುಗಾಳಿ, ಅಜ್ಜಿಯ ಹಿತ್ತಲಿನ ಸೇಬಿನ ಮರ ಇವುಗಳಿಂದ ಪ್ರೇರಣೆ ಪಡೆಯದ ಟೊಪ್ಪಿಗೆಯೇ ಇಲ್ಲ. ಐರ್ಲೆಂಡಿನ ಅರಾನ್ ಸ್ವೆಟರಿನ ಕಥೆಯನ್ನಂತೂ ಪ್ರತಿ ಚಳಿಗಾಲದಲ್ಲೂ ಮರುಮುದ್ರಿಸುತ್ತಾರೆ: ಒಂದೊಂದು ಮನೆತನಕ್ಕೆ ಒಂದೊಂದು ಹಗ್ಗದ ಹೆಣಿಗೆ, ಕಡಲಲ್ಲಿ ಮುಳುಗಿದ ಬೆಸ್ತನ ಹೆಣವನ್ನು ಸ್ವೆಟರ್ ನೋಡಿ ಗುರುತಿಸುತ್ತಿದ್ದರು, ಹೀಗೆ. ಕೇಳಿದರೆ ಕಣ್ಣೀರು ಬರುತ್ತದೆ, ಪರ್ಸೂ ತೆರೆಯುತ್ತದೆ. ನಿಜವೇನೆಂದರೆ, ಆ ಸ್ವೆಟರಿನ ಈಗಿನ ರೂಪ ಇಪ್ಪತ್ತನೆಯ ಶತಮಾನದ ಆರಂಭಕ್ಕಿಂತ ಹಳೆಯದಲ್ಲ. ಹೆಣ ಗುರುತಿಸುವ ಸಂಗತಿ ಜೆ. ಎಂ. ಸಿಂಜ್‌ನ 1904ರ ನಾಟಕದಲ್ಲಿದೆ. ಅಲ್ಲೂ ಗುರುತು ಸಿಗುವುದು ಸ್ವೆಟರಿನಿಂದ ಅಲ್ಲ, ಕಾಲುಚೀಲದಲ್ಲಿ ತಂಗಿ ಜಾರಿಸಿಬಿಟ್ಟ ನಾಲ್ಕು ಕುಣಿಕೆಗಳಿಂದ. ಅರಾನ್ ಸ್ವೆಟರಿಗೆ ಪುರಾತನ ಸಂಕೇತಗಳ ಬಣ್ಣ ಕಟ್ಟಿದವನು ಆಕ್ಸ್‌ಫರ್ಡಿನ ನೂಲು ವ್ಯಾಪಾರಿ ಹೈಂಜ್ ಕೀವೆ. ಸ್ಥಳಪುರಾಣ ಬರೆಯುವುದು ನಮ್ಮ ದೇವಸ್ಥಾನದವರಿಗೆ ಮಾತ್ರ ಬರುತ್ತದೆಂದು ತಿಳಿದಿದ್ದೆವು.

ಪುರಾಣ ಸಾಲದಾದಾಗ ರಾಜರಿದ್ದಾರೆ, ನಟರಿದ್ದಾರೆ. 1922ರಲ್ಲಿ ವೇಲ್ಸ್ ರಾಜಕುಮಾರ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮೈದಾನಕ್ಕೆ ಫೇರ್ ಐಲ್ ಸ್ವೆಟರ್ ತೊಟ್ಟು ಬಂದ. ಶೆಟ್‌ಲೆಂಡ್ ದ್ವೀಪಗಳ ಬಣ್ಣದ ಹೆಣಿಗೆ ಲಂಡನ್ನಿನ ಹುಚ್ಚಾಯಿತು. 2021ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರಾಗಿ ಬೈಡನ್ ಪ್ರಮಾಣವಚನ ಸ್ವೀಕರಿಸಿದ ದಿನ ಸೆನೆಟರ್ ಬರ್ನಿ ಸ್ಯಾಂಡರ್ಸ್ ದಪ್ಪ ಕೈಗವಸು ತೊಟ್ಟು ಕೈಕಟ್ಟಿ ಕುರ್ಚಿಯಲ್ಲಿ ಕೂತ ಚಿತ್ರ ನಿಮಗೆ ನೆನಪಿರಬಹುದು. ಆ ಕೈಗವಸಿನ ಹೆಣಿಗೆ ಪ್ಯಾಟರ್ನುಗಳು ಕೆಲವೇ ದಿನಗಳಲ್ಲಿ ಹಾಜರಾದವು. ಆ ಕೈಗವಸನ್ನು ಯಾರೂ ಹೆಣೆದಿರಲೇ ಇಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ವರ್ಮಾಂಟಿನ ಶಿಕ್ಷಕಿಯೊಬ್ಬರು ಹಳೆಯ ಉಣ್ಣೆ ಸ್ವೆಟರುಗಳನ್ನು ಕತ್ತರಿಸಿ ಹೊಲಿದು ಕೊಟ್ಟಿದ್ದರು. ಹಳೆಯದನ್ನು ಕತ್ತರಿಸಿ ಹೊಲಿಯಿರಿ ಎಂದರೆ ನೂಲು ಮಾರಾಟವಾಗುತ್ತದೆಯೆ?

ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದ ಟಾಮ್ ಡೇಲಿ ತನ್ನ ಪದಕಕ್ಕೆ ಗೀರು ಬೀಳದಿರಲೆಂದು ಒಂದು ಪುಟ್ಟ ಚೀಲ ಹೆಣೆದುಕೊಂಡ. ಒಂದು ಬದಿ ಬ್ರಿಟನ್ನಿನ ಬಾವುಟ, ಇನ್ನೊಂದು ಬದಿ ಜಪಾನಿನದು. ಟೋಕಿಯೊದ ಧಗೆಯಲ್ಲಿ, ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಕೂತು ಕಡ್ಡಿ ಆಡಿಸುತ್ತಿದ್ದ ಆ ಹುಡುಗನನ್ನು ಜಗತ್ತೆಲ್ಲ ನೋಡಿತು. ನಾನು ಆತನ ಪರ. ಕೈಯಲ್ಲಿ ಒಂದು ವಸ್ತುವಿತ್ತು, ಅದಕ್ಕೊಂದು ಹೊದಿಕೆ ಬೇಕಿತ್ತು, ಅಳತೆ ಎದುರಿಗೇ ಇತ್ತು. ಋತು ಕೇಳಲಿಲ್ಲ, ಹೆಣೆದ. ಆದರೆ ಉಳಿದ ನಮಗೆ ಹೆಣೆಯಲು ಚೀಲವುಂಟು, ಒಳಗಿಡಲು ಚಿನ್ನವೆಲ್ಲಿ?

ಇಲ್ಲಿಂದ ಮನೆಯೊಳಗಿನ ಸಾಮಾನುಗಳಿಗೆ ಬಂದೆವು. ಇದು ನಿಜವಾದ ಅಭಯಾರಣ್ಯ. ಟೀ ಪಾತ್ರೆಯ ಹೊದಿಕೆಯನ್ನು ನಾನು ಕ್ಷಮಿಸುತ್ತೇನೆ. ಟೀ ಬಿಸಿಯಾಗಿರಬೇಕು, ಅದು ನ್ಯಾಯ. ಬಚ್ಚಲಿನ ಕಾಗದದ ಸುರುಳಿಗೆ ಏಕೆ ಬೇಕು ಹೊದಿಕೆ? ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಅದರ ಮೇಲೆ ನೆರಿಗೆ ಲಂಗದ ಉಲ್ಲನ್ ಗೊಂಬೆಯೊಂದು ನಿಂತಿರುತ್ತಿತ್ತು, ಲಂಗದೊಳಗೆ ಸುರುಳಿ. ಅತಿಥಿಗಳು ಕಾಗದ ನೋಡಿ ನಾಚಿಕೊಂಡಾರೆಂದು ಈ ಉಪಾಯ. ಅತಿಥಿ ಆ ಗೊಂಬೆಯ ಲಂಗ ಎತ್ತಬೇಕಾದ ಘಳಿಗೆಯ ಬಗ್ಗೆ ಯಾರೂ ಯೋಚಿಸಿದಂತಿಲ್ಲ. 2011ರಲ್ಲಿ ರಾಜಕುಮಾರ ವಿಲಿಯಂ ಮತ್ತು ಕೇಟ್ ಮದುವೆಯಾದಾಗ ಇಡೀ ರಾಜಮನೆತನವನ್ನು ಹೆಣೆಯುವ ಪ್ಯಾಟರ್ನ್ ಪುಸ್ತಕ ಬಂತು. ವರ, ವಧು, ರಾಣಿ, ಆರ್ಚ್‌ಬಿಷಪ್, ಜೊತೆಗೆ ರಾಣಿಯ ನಾಯಿಗಳು. ನಾರ್ವೆಯಲ್ಲಿ ನೆಲೆಸಿರುವ ಆರ್ನೆ ಮತ್ತು ಕಾರ್ಲೊಸ್ ಜೋಡಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ 55 ಚೆಂಡುಗಳ ಪುಸ್ತಕವನ್ನೇ ಬರೆದಿದೆ. ವಿನ್ಯಾಸಗಳು ನಿಜಕ್ಕೂ ಚೆಂದ, ಸುಳ್ಳು ಹೇಳಬಾರದು. ಆದರೆ ಮರಕ್ಕೆ ಚಳಿ ಎಂದು ಯಾರು ಹೇಳಿದರು? ಅದು ನಾರ್ವೆಯ ಕಾಡಿನಲ್ಲಿ ಬರಿ ಮೈಯಲ್ಲಿ ಬೆಳೆದದ್ದು.

ಚಳಿ ಯಾರಿಗೆ ಎಂಬ ಪ್ರಶ್ನೆಗೆ ಜಗತ್ತು ಕೊಟ್ಟ ಅತ್ಯಂತ ಭವ್ಯ ಉತ್ತರ ಪೆಂಗ್ವಿನ್ನು. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿ ಸಮುದ್ರಕ್ಕೆ ತೈಲ ಚೆಲ್ಲಿ ಪುಟ್ಟ ಪೆಂಗ್ವಿನ್‌ಗಳ ಮೈಗೆ ಮೆತ್ತಿಕೊಂಡಾಗ, ಅವು ಕೊಕ್ಕಿನಿಂದ ಗರಿ ತಿದ್ದಿಕೊಳ್ಳಲು ಹೋಗಿ ವಿಷ ನುಂಗದಿರಲೆಂದು ತಾತ್ಕಾಲಿಕವಾಗಿ ಸ್ವೆಟರ್ ತೊಡಿಸುತ್ತಿದ್ದರು. ಪ್ಯಾಟರ್ನ್ ಪ್ರಕಟವಾಯಿತು. ಇಷ್ಟು ದಿನ ಕಡ್ಡಿ ಹಿಡಿದು ಮೈ ಹುಡುಕುತ್ತಿದ್ದ ಜಗತ್ತಿನ ಹೆಣಿಗೆಯವರಿಗೆ ಕೊನೆಗೂ ಒಂದು ಮೈ ಸಿಕ್ಕಿತು. ಸ್ವೆಟರುಗಳು ಎಷ್ಟು ಬಂದವೆಂದರೆ ಅಷ್ಟು ಪೆಂಗ್ವಿನ್‌ಗಳು ತೈಲದಲ್ಲಿ ಬೀಳಲು ಸಿದ್ಧವಿರಲಿಲ್ಲ. ಉಳಿದವನ್ನು ಈಗ ಆಟದ ಪೆಂಗ್ವಿನ್ ಬೊಂಬೆಗಳಿಗೆ ತೊಡಿಸಿ ಮಾರಿ, ಆ ಹಣವನ್ನು ನಿಜವಾದ ಪೆಂಗ್ವಿನ್‌ಗಳ ಆರೈಕೆಗೆ ಬಳಸುತ್ತಾರೆ. ಹೆಣೆಯುವವರ ಕರುಣೆ ದೊಡ್ಡದು, ಲೆಕ್ಕ ಮಾತ್ರ ಚಿಕ್ಕದು.

ನಗಬೇಡಿ, ನಮ್ಮ ಮನೆಗಳೇನು ಕಡಿಮೆಯೆ? ತೊಂಬತ್ತರ ದಶಕದ ಯಾವುದೇ ಕನ್ನಡದ ನಡುಮನೆಯನ್ನು ನೆನಪಿಸಿಕೊಳ್ಳಿ. ಬಾಗಿಲಿಗೆ ಉಲ್ಲನ್ನಿನ ತೋರಣ. ಮಾವಿನೆಲೆ ಎರಡು ದಿನಕ್ಕೆ ಬಾಡುತ್ತದೆ, ಇದು ಇಪ್ಪತ್ತು ವರ್ಷ ಧೂಳು ಕುಡಿಯುತ್ತದೆ. ಟೀವಿಗೆ ಕ್ರೋಶಾ ಹೊದಿಕೆ, ಟೆಲಿಫೋನಿಗೆ ಇನ್ನೊಂದು, ಫ್ರಿಜ್ಜಿನ ಹಿಡಿಕೆಗೆ ಹೂವಿನ ಅಂಚಿನ ತೋಳು. ಒಳಗೆ ತಣ್ಣಗಿರಲಿ ಎಂದು ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರಕ್ಕೆ ಹೊರಗಿನಿಂದ ಉಲ್ಲನ್ ತೊಡಿಸಿದ ಜನ ನಾವು. ಮನುಷ್ಯರ ವಿಷಯ ಹೇಳುವುದಾದರೆ, ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದರೂ ಹದಿನಾರು ಡಿಗ್ರಿಗೆ ಮಂಕಿ ಕ್ಯಾಪ್ ಇಳಿಬಿಟ್ಟುಕೊಂಡು ಬೆಳಗಿನ ವಾಕಿಂಗ್ ಹೊರಡುವ ಯಜಮಾನರನ್ನು ಯಾವ ಪಾರ್ಕಿನಲ್ಲಾದರೂ ನೋಡಬಹುದು. ಈಗ ಅದೇ ಪಾರ್ಕಿನ ಬೆಂಚಿನಲ್ಲಿ ಅವರ ಸೊಸೆ ಕೂತು ನಾರ್ವೆಯ ಹಿಮಕ್ಕೆಂದು ಬರೆದ ಪ್ಯಾಟರ್ನನ್ನು ಅಕ್ರಿಲಿಕ್ ನೂಲಿನಲ್ಲಿ ಹೆಣೆಯುತ್ತಿದ್ದಾಳೆ. ಇತ್ತ ರಾಣೆಬೆನ್ನೂರಿನ ಮೇಡ್ಲೇರಿಯಲ್ಲಿ, ಚಳ್ಳಕೆರೆಯಲ್ಲಿ ಕುರುಬರು ಕುಣಿಮಗ್ಗದಲ್ಲಿ ನೇಯ್ದ ಕಂಬಳಿ, ಹುಣಿಸೆಬೀಜದ ಗಂಜಿ ಹಚ್ಚಿದ ಆ ಕರಿ ಕಂಬಳಿ, ಮಳೆಗೆ ಕೊಪ್ಪೆಯಾಗಿ, ಚಳಿಗೆ ಹೊದಿಕೆಯಾಗಿ, ನೆಂಟರಿಗೆ ಹಾಸಾಗಿ ವರ್ಷವಿಡೀ ದುಡಿಯುತ್ತದೆ. ಅದಕ್ಕೆ ಋತುವೂ ಇಲ್ಲ, ಅಳತೆಯ ಕಂಸವೂ ಇಲ್ಲ. ಚುಚ್ಚುತ್ತದೆ, ಅದು ಬೇರೆ ಮಾತು.

ಕ್ರಿಸ್‌ಮಸ್ ಸ್ವೆಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2001ರ ಬ್ರಿಜೆಟ್ ಜೋನ್ಸ್ ಚಿತ್ರದಲ್ಲಿ ನಾಯಕ ಹಿಮಸಾರಂಗದ ಸ್ವೆಟರ್ ತೊಟ್ಟು ಬಂದಾಗ ಅದು ನಗೆಪಾಟಲಿನ ಉಡುಪು. 2012ರಿಂದ ಬ್ರಿಟನ್ನಿನಲ್ಲಿ ಸೇವ್ ದ ಚಿಲ್ಡ್ರನ್ ಸಂಸ್ಥೆ ಅದಕ್ಕೊಂದು ದಿನವನ್ನೇ ನಡೆಸಿ ಮಕ್ಕಳಿಗಾಗಿ ಹಣ ಕೂಡಿಸುತ್ತಿದೆ. ಪುಣ್ಯದ ಕೆಲಸ. ಆದರೆ 2019ರಲ್ಲಿ ಹಬ್ಬಬ್ ಎಂಬ ಅಲ್ಲಿಯ ಪರಿಸರ ಸಂಸ್ಥೆ ಅಂಗಡಿಗಳ ಕ್ರಿಸ್‌ಮಸ್ ಸ್ವೆಟರುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 95ರಲ್ಲಿ ಪ್ಲಾಸ್ಟಿಕ್ ಎಳೆ ಸಿಕ್ಕಿತು. ಜನ ಕೊಂಡವುಗಳಲ್ಲಿ ಐದರಲ್ಲಿ ಎರಡು ಹಬ್ಬದಲ್ಲಿ ಒಂದೇ ಸಲ ಮೈ ಕಾಣುತ್ತವೆ ಎಂದೂ ಅದು ಹೇಳಿತು.

ಪ್ಯಾಟರ್ನ್ ಎಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ರೆಡ್ ಕ್ರಾಸ್ ಹಂಚಿದ ಕಾಲುಚೀಲದ ಹಾಳೆಯಲ್ಲಿ ಮಂಜೂ ಇರಲಿಲ್ಲ, ಸೇಬಿನ ಮರವೂ ಇರಲಿಲ್ಲ. ಇಷ್ಟು ಕುಣಿಕೆ, ಇಷ್ಟು ಅಂಗುಲ, ಇಂಥ ಬಣ್ಣ. ಕಂದಕದ ಕೆಸರಿನಲ್ಲಿ ನಿಂತವನ ಕಾಲು ಕೊಳೆಯಬಾರದು ಎಂಬುದೊಂದೇ ಅದರ ಕಾಳಜಿ. ಬೆರಳಿಗೆ ಒತ್ತದಂತೆ, ಹೊಲಿಗೆಯ ಏಣು ಏಳದಂತೆ ತುದಿಯನ್ನು ಮುಚ್ಚುವ ವಿಧಾನಕ್ಕೆ ಇವತ್ತಿಗೂ ಬ್ರಿಟಿಷ್ ಸೇನಾನಿ ಕಿಚನರ್‌ನ ಹೆಸರಿದೆ. ತೊಡುವವನ ಹೆಬ್ಬೆರಳನ್ನು ಮೊದಲು ನೆನೆದ ಪ್ಯಾಟರ್ನ್ ಅದು.

ಅಂಥದು ನಮ್ಮಲ್ಲೂ ಇದೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ತಾಯಂದಿರ ಸೂಟ್‌ಕೇಸಿನಲ್ಲಿ ಲೇಹ್ಯದ ಡಬ್ಬಿಯ ಪಕ್ಕ ಉಲ್ಲನ್ನಿನ ಕುಲಾವಿ, ಕಾಲುಚೀಲ ತಪ್ಪದೆ ಇರುತ್ತವೆ. ನನ್ನ ಪರಿಚಯದ ಒಬ್ಬ ತಾಯಿಗೆ ನ್ಯೂಜೆರ್ಸಿಯ ಮಗಳು ಫೋನಿನಲ್ಲಿ, “ಅಮ್ಮಾ, ಈ ಸೀಸನ್ನಿನ ಬೇಬಿ ಹ್ಯಾಟ್ ಪ್ಯಾಟರ್ನ್ ಒಂದು ತಗೊಂಡಿದ್ದೀನಿ, ಮೊಲದ ಕಿವಿ ಇದೆ, ತುಂಬಾ ಮುದ್ದಾಗಿದೆ. ಕಳಿಸ್ತೀನಿ, ಅದನ್ನೇ ನೋಡಿಕೊಂಡು ಹಾಕು,” ಎಂದಳು.

“ಕಿವಿ ಮಗೂಗೆ ದೇವರು ಕೊಟ್ಟಿರ್ತಾನೆ ಪುಟ್ಟಿ,” ಅಂದರು ತಾಯಿ. “ತಲೆ ಸುತ್ತಳತೆ ಎಷ್ಟು ಅಂತ ಡಾಕ್ಟರು ಬರೆದಿರ್ತಾರಲ್ಲ, ಅದನ್ನ ಕಳಿಸು. ಪ್ಯಾಟರ್ನ್ ನೀನೇ ಇಟ್ಕೋ.”

ಆ ಕುಲಾವಿ ಕಿವಿ ಮುಚ್ಚುತ್ತದೆ, ಗಲ್ಲದ ಕೆಳಗೆ ದಾರ ಕಟ್ಟಲು ಬರುತ್ತದೆ, ಮಗು ಬೆಳೆದಂತೆ ಹಿಗ್ಗುತ್ತದೆ. ಏಪ್ರಿಲಿನ ಬಿಸಿಲಲ್ಲೂ ಅದನ್ನು ತೆಗೆಯಲು ಅಜ್ಜಿ ಬಿಡುವುದಿಲ್ಲ ಎಂಬುದು ಅದರ ಒಂದೇ ದೋಷ, ಆ ದೋಷ ಹೆಣಿಗೆಯದಲ್ಲ.

ಆದ್ದರಿಂದ ಈ ಋತುವಿನ ಹೊಸ ಪ್ಯಾಟರ್ನುಗಳತ್ತ ಕೈ ಚಾಚುತ್ತಿರುವ ಅಕ್ಕತಂಗಿಯರಲ್ಲಿ, ಕಡ್ಡಿ ಹಿಡಿಯುವ ಅಣ್ಣತಮ್ಮಂದಿರಲ್ಲಿ ನನ್ನದೊಂದು ವಿನಂತಿ. ಪೀಠಿಕೆ ಓದಬೇಡಿ, ನೇರ ಅಳತೆಯ ಪಟ್ಟಿಗೆ ಹೋಗಿ. ನಿಮ್ಮ ಮೈಗೆ ಸರಿಯಾಗಿ ಕೂರುವ ಹಳೆಯ ಸ್ವೆಟರೊಂದನ್ನು ಹಾಸಿ, ಟೇಪು ಹಿಡಿದು ಹೋಲಿಸಿ. ಯಾರು ತೊಡುತ್ತಾರೆ, ಎಂದು ತೊಡುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಮೊಟ್ಟೆ ಎಂದು ಬಂದರೆ ಹಾಳೆ ಮಡಚಿಡಿ. ಗುಂಡಿ ಹಾಕಿದ ಕಾರ್ಡಿಗನ್ನಿನ ಚಿತ್ರ ಹುಡುಕಿ, ಕೈ ಇಳಿಬಿಟ್ಟು ನಿಂತ ಚಿತ್ರ ಹುಡುಕಿ. ಬೆನ್ನಿನ ಫೋಟೊ ಇಲ್ಲದ ಪ್ಯಾಟರ್ನಿಗೆ ಕಾಸು ಕೊಡಬೇಡಿ.